ಮೇಘಕ್ಕೊಂದು ಓಲೆ, ಮೇಜಿಗೊಂದು ರಸೀತಿ

ಕಳಂಬೋಲಿಯಲ್ಲಿ ನೆಲೆಸಿದ ನಮಗೆ ಲಾರಿಯ ಸದ್ದು ಹೊಸತಲ್ಲ. ಇಲ್ಲಿನ ಕಬ್ಬಿಣ ಮತ್ತು ಉಕ್ಕಿನ ಮಾರುಕಟ್ಟೆಯಿಂದ ಹೊರಟ ಸರಕು ಪುಣೆಯ ಹೆದ್ದಾರಿಯನ್ನು ಹಿಡಿದು ದೂರದೂರದ ಊರುಗಳಿಗೆ ಸಾಗುತ್ತದೆ. ಆದರೆ ಲಾರಿ ಕಣ್ಮರೆಯಾದ ಮಾತ್ರಕ್ಕೆ ಸರಕು ಕಳುಹಿಸಿದ ವ್ಯಾಪಾರಿ ನಿಶ್ಚಿಂತನಾಗುವುದಿಲ್ಲ. ಅತ್ತ ಕಡೆಯವರು ಸಹಿ ಮಾಡಿದ ರಸೀತಿ ಮರಳಿ ಕೈಸೇರಿದಾಗಲೇ ಅವನ ಲೆಕ್ಕ ಮುಗಿಯುವುದು. ರಸೀತಿ ಬರಲಿಲ್ಲವೆಂದರೆ ಸರಕು ತಲುಪಲಿಲ್ಲವೆಂದು ಅರ್ಥವೇ? ಹಾಗೇನೂ ಇಲ್ಲ. ಸರಕು ಸುರಕ್ಷಿತವಾಗಿ ತಲುಪಿ, ರಸೀತಿ ಮಾತ್ರ ದಾರಿಯಲ್ಲಿ ಕಳೆದಿರಬಹುದು. ಆ ಸಂದೇಹದಲ್ಲಿ ಇನ್ನೊಂದು ಲಾರಿ ಉಕ್ಕನ್ನು ಕಳುಹಿಸುವವನು ಬಹುಕಾಲ ವ್ಯಾಪಾರ ಮಾಡಲಾರ.

ಲೆಕ್ಕಪತ್ರದ ಈ ಹಳೆಯ ಸತ್ಯವನ್ನೂ, ಇದರ ಸೋದರನಂತಿರುವ ಇನ್ನೊಂದು ಸತ್ಯವನ್ನೂ ಮರೆತು ನಾನು ನಮ್ಮ ಸಂಘದ ಆರೋಗ್ಯ ತಪಾಸಣಾ ಶಿಬಿರಕ್ಕಾಗಿ ಒಂದು ತಂತ್ರಾಂಶವನ್ನು ಬರೆದೆ. ಅದರಿಂದ ಎರಡು ತಪ್ಪುಗಳಾದವು. ಒಂದು ನಗೆಗೆ ಈಡಾಯಿತು. ಮತ್ತೊಂದು ಪ್ರಾಣಕ್ಕೆ ಎರವಾಗಬಹುದಾಗಿತ್ತು. ಅವೆರಡನ್ನೂ ವಾಚಕರ ಮುಂದಿಡುವುದೇ ಪ್ರಸ್ತುತ ಲೇಖನದ ಉದ್ದೇಶ. ನಾನು ವಾಣಿಜ್ಯ ಪದವೀಧರ, ಬ್ಯಾಂಕಿನ ಅಧಿಕಾರಿ, ಗಣಕವಿಜ್ಞಾನಿಯಲ್ಲ. ಬಿಡುವಿನ ವೇಳೆಯಲ್ಲಿ ಪೈಥಾನ್ ಎಂಬ ಗಣಕಭಾಷೆಯನ್ನು ಅಷ್ಟಿಷ್ಟು ಕಲಿತವನು. ಬಲ್ಲವರು ಕುಂದುಗಳನ್ನು ಮನ್ನಿಸಬೇಕು.

ಮೇಘವೆಂಬುದು ಎಲ್ಲಿದೆ?

ಹೆಸರು ಕೇಳಿದರೆ ಆಕಾಶದಲ್ಲಿ ಇರುವಂತೆ ತೋರುವ ‘ಕ್ಲೌಡ್’ ವಾಸ್ತವವಾಗಿ ನೆಲದ ಮೇಲೆಯೇ ಇದೆ. ಠಾಣೆ-ಬೇಲಾಪುರ ರಸ್ತೆಯಲ್ಲಿ ಐರೋಲಿ, ರಬಾಳೆ, ಮಹಾಪೆಗಳ ಕಡೆ ಸಂಚರಿಸುವವರು ಕಿಟಕಿಗಳು ವಿರಳವಾದ ದೊಡ್ಡ ಕಟ್ಟಡಗಳನ್ನು ನೋಡಿರಬಹುದು. ಅಂತಹ ಕೆಲವು ಕಟ್ಟಡಗಳೊಳಗೆ ಸಾವಿರಾರು ಗಣಕಯಂತ್ರಗಳು ಹಗಲಿರುಳು ತಂಪು ಗಾಳಿಯಲ್ಲಿ ಕೆಲಸ ಮಾಡುತ್ತಿವೆ. ಮೈಕ್ರೋಸಾಫ್ಟ್ ಸಂಸ್ಥೆ 2015ರಲ್ಲಿಯೂ, ಅಮೆಜಾನ್ ಸಂಸ್ಥೆ 2016ರಲ್ಲಿಯೂ ಮುಂಬಯಿಯಲ್ಲಿ ತಮ್ಮ ಮೇಘಸೇವೆಯ ವಲಯಗಳನ್ನು ಆರಂಭಿಸಿದವು. ನಮ್ಮ ಯಂತ್ರವನ್ನು ನಾವೇ ಕೊಳ್ಳದೆ, ಅನ್ಯರ ಯಂತ್ರದಲ್ಲಿ ಜಾಗ ಬಾಡಿಗೆಗೆ ಪಡೆದು, ಅಲ್ಲಿ ನಮ್ಮ ಪುಸ್ತಕವನ್ನು ಇರಿಸುವುದೇ ಮೇಘಸೇವೆಯ ತಿರುಳು. ಬ್ಯಾಂಕಿನ ಲಾಕರಿಗೂ ಇದಕ್ಕೂ ತತ್ತ್ವದಲ್ಲಿ ಹೆಚ್ಚು ಭೇದವಿಲ್ಲ.

ಬ್ಯಾಂಕಿನವರಿಗೆ ಈ ಏರ್ಪಾಡು ಪರಿಚಿತವೇ. ಡಾ. ಸಿ. ರಂಗರಾಜನ್ ಸಮಿತಿಯು 1984ರಲ್ಲಿ ಬ್ಯಾಂಕುಗಳ ಯಂತ್ರೀಕರಣದ ಬಗೆಗೆ ವರದಿ ನೀಡಿದ ತರುವಾಯ ಶಾಖೆಗಳಿಗೆ ಲೆಡ್ಜರ್ ಬರೆಯುವ ಯಂತ್ರಗಳು ಬಂದವು. ಆಗ ಲೆಕ್ಕವು ಶಾಖೆಯಲ್ಲಿಯೇ ಉಳಿಯುತ್ತಿತ್ತು. ಕೋರ್ ಬ್ಯಾಂಕಿಂಗ್ ಬಂದ ಮೇಲೆ ಖಾತೆಪುಸ್ತಕ ದೂರದ ಕೇಂದ್ರಕ್ಕೆ ಹೋಯಿತು. ಶಾಖೆಯ ಮೇಜಿನ ಮೇಲೆ ಉಳಿದದ್ದು ಅದನ್ನು ಕೇಳುವ, ಅದಕ್ಕೆ ಹೇಳುವ ಕಿಟಕಿ ಮಾತ್ರ. ನಮ್ಮ ನಾಡಿನ ಹೆಮ್ಮೆಯ ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿಯೂ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಶನ್ ಬ್ಯಾಂಕು ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದುದನ್ನು ಮುಂಬಯಿಯ ಕನ್ನಡಿಗರು ಮರೆತಿಲ್ಲ. ಕಾಲಕ್ರಮದಲ್ಲಿ ಖಾತೆಗಳು ಒಂದು ಪುಸ್ತಕದಿಂದ ಮತ್ತೊಂದಕ್ಕೆ ಸಾಗಿದವು. ಮೇಜು ಬೇರೆ, ಪುಸ್ತಕ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಗಣಕದ ಪರಿಭಾಷೆಯಲ್ಲಿ ಪುಸ್ತಕ ಇಟ್ಟುಕೊಂಡ ಯಂತ್ರಕ್ಕೆ ‘ಸರ್ವರ್’ ಎಂದೂ, ಮೇಜಿನ ಮೇಲಿದ್ದು ಅದರೊಡನೆ ವ್ಯವಹರಿಸುವ ತಂತ್ರಾಂಶಕ್ಕೆ ‘ಕ್ಲೈಂಟ್’ ಎಂದೂ ಹೆಸರು.

ಶಿಬಿರ ಮತ್ತು ಅದರ ಪುಸ್ತಕ

ನಮ್ಮ ಸಂಘದ ತಪಾಸಣಾ ಶಿಬಿರದ ವಿವರಗಳು ಮೊದಲು ಕಾಗದದಲ್ಲಿದ್ದವು. 2005ರ ಜುಲೈ 26ರ ಮಹಾವೃಷ್ಟಿಯಲ್ಲಿ ಕಳಂಬೋಲಿಯ ಮನೆಗಳಿಗೆ ನೀರು ನುಗ್ಗಿದುದನ್ನು ಕಂಡವರಿಗೆ ಕಾಗದವೊಂದನ್ನೇ ನಂಬುವ ಧೈರ್ಯ ಉಳಿಯಲಿಲ್ಲ. ಆದಕಾರಣ ಮೇಘದಲ್ಲಿರುವ ಒಂದು ಜಾಲತಂತ್ರಾಂಶವನ್ನು ಬಾಡಿಗೆಗೆ ಪಡೆದೆವು. ಆದರೆ ಶಿಬಿರ ನಡೆಯುವ ಸಭಾಗೃಹದಲ್ಲಿ ಅಂತರ್ಜಾಲ ಬಂದರೆ ಬಂದೀತು, ಹೋದರೆ ಹೋದೀತು. ಅರ್ಧ ತುಂಬಿದ ನಮೂನೆ ಸಂಪರ್ಕ ಕಡಿದೊಡನೆ ಮಾಯವಾಗುತ್ತಿತ್ತು. ಮೇಜಿನ ಯಂತ್ರದಲ್ಲಿಯೇ ಬರೆದಿಟ್ಟು, ಸಂಪರ್ಕ ದೊರೆತಾಗ ಮೇಘಕ್ಕೆ ರವಾನಿಸುವ ಸ್ವಂತ ಕ್ಲೈಂಟ್ ಒಂದಿದ್ದರೆ ಒಳಿತೆಂದು ತೋರಿತು. ತಂತ್ರಾಂಶಗಳು ಪರಸ್ಪರ ಮಾತನಾಡಲೆಂದೇ ಇರುವ ‘ಎ.ಪಿ.ಐ.’ ಎಂಬ ದ್ವಾರ ಆ ಜಾಲತಂತ್ರಾಂಶಕ್ಕೆ ಇತ್ತು. ಆ ದ್ವಾರದಲ್ಲಿ ಓಲೆ ಕೊಟ್ಟರೆ, ಉತ್ತರದೊಡನೆ ಒಂದು ಸಂಖ್ಯೆ ಮರಳುತ್ತದೆ: 200 ಎಂದರೆ ಆಯಿತು, 401 ಎಂದರೆ ನಿನ್ನ ಗುರುತು ತೋರಿಸು, 503 ಎಂದರೆ ಸದ್ಯಕ್ಕೆ ಆಗದು. ಇವೆಲ್ಲ ಜಗತ್ತಿನಾದ್ಯಂತ ಒಂದೇ ಅರ್ಥ ಕೊಡುವ ಸಂಖ್ಯೆಗಳು.

ಮೊದಲನೆಯ ತಪ್ಪು

ಮೊದಲ ಶಿಬಿರದ ದಿನ, ಉತ್ತರ 10 ಸೆಕೆಂಡಿನೊಳಗೆ ಬಾರದಿದ್ದರೆ ಓಲೆಯನ್ನು ಮತ್ತೆ ಕಳುಹಿಸುವಂತೆ ನಾನು ಬರೆದಿದ್ದೆ. ಇದು ದಕ್ಷತೆಯೆಂದು ನನ್ನ ಭಾವನೆ. ಮೊದಲ ಸರದಿಯಲ್ಲಿದ್ದ ಹಿರಿಯರೊಬ್ಬರ ನೋಂದಣಿಯ ಓಲೆ ಸರ್ವರನ್ನು ತಲುಪಿತ್ತು. ಉತ್ತರ ಮಾತ್ರ ಸಭಾಗೃಹದ ದುರ್ಬಲ ಸಂಪರ್ಕದಲ್ಲಿ ಕಳೆದುಹೋಯಿತು. ನನ್ನ ತಂತ್ರಾಂಶ ಮತ್ತೆ ಮತ್ತೆ ಕಳುಹಿಸಿತು. ಅವರ ಹೆಸರು ನಾಲ್ಕು ಬಾರಿ ದಾಖಲಾಯಿತು, ನಾಲ್ಕು ಬಾರಿ ಕೂಗಲ್ಪಟ್ಟಿತು. “ನಾಲ್ಕು ಸಲ ಪರೀಕ್ಷಿಸಿದರೆ ಕೊನೆಯ ಸಲವಾದರೂ ಸಕ್ಕರೆ ಕಡಿಮೆ ಬರಬಹುದು” ಎಂದು ಅವರು ನಗಿಸಿದರು. ಅದು ಆರೋಗ್ಯ ಶಿಬಿರವಾಗಿರದೆ ಹಣದ ವರ್ಗಾವಣೆಯಾಗಿದ್ದರೆ ಯಾರೂ ನಗುತ್ತಿರಲಿಲ್ಲ.

ಪರಿಹಾರ ನನ್ನ ವೃತ್ತಿಯಲ್ಲಿಯೇ ಇತ್ತು. ಚೆಕ್ಕಿಗೆ ಸಂಖ್ಯೆಯಿದೆ, ಅದೇ ಚೆಕ್ಕು ಎರಡು ಬಾರಿ ಪಾವತಿಯಾಗದು. ನೆಫ್ಟ್ ವರ್ಗಾವಣೆಗೆ ಯು.ಟಿ.ಆರ್. ಎಂಬ ವಿಶಿಷ್ಟ ಸಂಖ್ಯೆಯಿದೆ. ಅಂತೆಯೇ ಓಲೆಯನ್ನು ಕಳುಹಿಸುವ ಮೊದಲೇ ಮೇಜಿನ ಯಂತ್ರ ಅದಕ್ಕೊಂದು ಸಂಖ್ಯೆ ಕೊಟ್ಟು, ತನ್ನ ಪುಸ್ತಕದಲ್ಲಿ ಬರೆದಿಡಬೇಕು. ಯು.ಯು.ಐ.ಡಿ. ಎಂಬ 128 ಬಿಟ್‌ಗಳ ಸಂಖ್ಯೆ ಇದಕ್ಕೆ ಯೋಗ್ಯ. ಎರಡು ಯಂತ್ರಗಳಲ್ಲಿ ಒಂದೇ ಸಂಖ್ಯೆ ಹುಟ್ಟುವ ಸಂಭವ ಇಲ್ಲವೆನ್ನುವಷ್ಟು ಅಲ್ಪ. ಅದೇ ಸಂಖ್ಯೆಯ ಓಲೆ ಎರಡನೆಯ ಬಾರಿ ಬಂದರೆ ಸರ್ವರ್ ಹೊಸ ದಾಖಲೆ ಮಾಡದೆ ಹಳೆಯ ಉತ್ತರವನ್ನೇ ಮರಳಿಸುತ್ತದೆ. ಇನ್ನು ಮರುಪ್ರಯತ್ನಕ್ಕೂ ಸಂಯಮ ಬೇಕು: 2 ಸೆಕೆಂಡು, 4 ಸೆಕೆಂಡು, 8 ಸೆಕೆಂಡು ಎಂದು ಅಂತರವನ್ನು ಹೆಚ್ಚಿಸುತ್ತ ಹೋಗಬೇಕು. ಬಾಗಿಲು ತೆರೆಯದ ಮನೆಯನ್ನು ಎಡೆಬಿಡದೆ ಬಡಿಯುವುದು ಸಭ್ಯತೆಯೂ ಅಲ್ಲ, ಉಪಯುಕ್ತವೂ ಅಲ್ಲ.

ಕಾಳಿದಾಸನ ಮೇಘದೂತದಲ್ಲಿ ಯಕ್ಷನು ತನ್ನ ಸಂದೇಶವನ್ನು ಮೋಡಕ್ಕೆ ಒಪ್ಪಿಸಿ, ಅದರ ಮೌನವನ್ನು ನಿರಾಕರಣೆಯೆಂದು ಭಾವಿಸದೆ ಸಮ್ಮತಿಯೆಂದೇ ತಿಳಿಯುತ್ತಾನೆ. ವಿರಹಿಗೆ ಅದು ಶೋಭಿಸುತ್ತದೆ, ಗುಮಾಸ್ತನಿಗೆ ಶೋಭಿಸದು. ಮೇಘದ ಮೌನ ಸಮ್ಮತಿಯೂ ಅಲ್ಲ, ನಿರಾಕರಣೆಯೂ ಅಲ್ಲ. ಅದು ಕೇವಲ ಮೌನ.

ಎರಡನೆಯ ತಪ್ಪು

ಅದೇ ದಿನ ಮಧ್ಯಾಹ್ನ ವೃದ್ಧ ಮಾತೆಯೊಬ್ಬರು ವೈದ್ಯರ ಮುಂದೆ ಕುಳಿತರು. ಗಂಟಲು ಬೇನೆ, ಜ್ವರ. ತೆರೆಯ ಮೇಲೆ ‘ಒಗ್ಗದ ಔಷಧಿ’ ಎಂಬ ಅಂಕಣ ಖಾಲಿಯಾಗಿತ್ತು. ವೈದ್ಯರು ಅನುಭವಿಗಳು, ತೆರೆಯನ್ನು ನೋಡಿಯೂ ಬಾಯಿಬಿಟ್ಟು ಕೇಳಿದರು. “ಪೆನಿಸಿಲಿನ್ ಆಗುವುದಿಲ್ಲ, ಬೆಳಿಗ್ಗೆಯೇ ಆ ಹುಡುಗಿಗೆ ಹೇಳಿದೆನಲ್ಲ” ಎಂದರು ಆ ತಾಯಿ. ಪೆನಿಸಿಲಿನ್ ನಿಜವಾಗಿಯೂ ಒಗ್ಗದವರಿಗೆ ಅದನ್ನು ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಮೈ ದದ್ದೆದ್ದು, ಗಂಟಲು ಊದಿ, ಉಸಿರು ಕಟ್ಟಿ, ರಕ್ತದೊತ್ತಡ ಕುಸಿಯಬಹುದು ಎಂಬುದನ್ನು ಆರೋಗ್ಯ ಲೇಖನಗಳನ್ನು ಓದುವ ವಾಚಕರು ಬಲ್ಲರು.

ನಾನು ಕೋಪದಿಂದ ಮೂರನೆಯ ಮೇಜಿನಲ್ಲಿದ್ದ ಸ್ವಯಂಸೇವಕಿಯನ್ನು ಎಲ್ಲರೆದುರು ಗದರಿಸಿದೆ. “ಬರೆದಿದ್ದೇನೆ ಸರ್” ಎಂದಷ್ಟೇ ಹೇಳಿ ಆಕೆ ಸುಮ್ಮನಾದಳು. ರಾತ್ರಿ ಮನೆಯಲ್ಲಿ ಎರಡೂ ಯಂತ್ರಗಳ ದಿನಚರಿಯನ್ನು ತೆರೆದು ನೋಡಿದೆ. 10 ಗಂಟೆ 12 ನಿಮಿಷಕ್ಕೆ ಮೂರನೆಯ ಮೇಜಿನಿಂದ ‘ಪೆನಿಸಿಲಿನ್’ ಎಂಬ ಪದ ಹೋಗಿತ್ತು. ಸರ್ವರಿನಿಂದ 200 ಎಂಬ ರಸೀತಿಯೂ ಬಂದಿತ್ತು. 10 ಗಂಟೆ 19 ನಿಮಿಷಕ್ಕೆ ಮೊದಲನೆಯ ಮೇಜು, ತಾನು 10 ಗಂಟೆಗೆ ಪಡೆದಿದ್ದ ಹಳೆಯ ಪ್ರತಿಯಲ್ಲಿ ರಕ್ತದೊತ್ತಡವನ್ನು ತುಂಬಿ ಇಡೀ ನಮೂನೆಯನ್ನು ಮರಳಿ ಕಳುಹಿಸಿತ್ತು. ಆ ಪ್ರತಿಯಲ್ಲಿ ಅಂಕಣ ಖಾಲಿಯಿತ್ತು. ಖಾಲಿಯು ಬರಹವನ್ನು ಅಳಿಸಿತು. ತಪ್ಪು ಆಕೆಯದಲ್ಲ, ನನ್ನದು. ಮರುದಿನ ಆಕೆಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಗದರಿಸಿದ್ದು ಎಲ್ಲರೆದುರು ಆಗಿದ್ದುದರಿಂದ ಸಂಘದ ಮುಂದಿನ ಸಭೆಯಲ್ಲಿಯೂ ಕೇಳಿದೆ.

ಬ್ಯಾಂಕಿನಲ್ಲಿ ಬೆಳಗಿನ ಶಿಲ್ಕನ್ನು ನೋಡಿ ಸಂಜೆ ಹಣ ಕೊಡುವವರಿಲ್ಲ. ಆ ಕ್ಷಣದ ಶಿಲ್ಕನ್ನೇ ನೋಡಬೇಕು. ಇದೇ ನಾನು ಮರೆತ ಎರಡನೆಯ ಸತ್ಯ. ಇದಕ್ಕೂ ಜಾಲದ ನಿಯಮಗಳಲ್ಲಿ ಪರಿಹಾರವಿದೆ. ಸರ್ವರ್ ಪ್ರತಿ ದಾಖಲೆಯೊಡನೆ ‘ಈಟ್ಯಾಗ್’ ಎಂಬ ಆವೃತ್ತಿಯ ಮುದ್ರೆಯನ್ನು ಕೊಡಬಲ್ಲದು. ತಿದ್ದುಪಡಿ ಕಳುಹಿಸುವಾಗ “ನಾನು ನೋಡಿದ್ದು ಈ ಮುದ್ರೆಯ ಪ್ರತಿ, ಅದು ಇನ್ನೂ ಹಾಗೆಯೇ ಇದ್ದರೆ ಮಾತ್ರ ಬದಲಿಸು” ಎಂದು ಕ್ಲೈಂಟ್ ಷರತ್ತು ಹಾಕಬೇಕು. ನಡುವೆ ಬೇರೆಯವರು ತಿದ್ದಿದ್ದರೆ 412 ಎಂಬ ಸಂಖ್ಯೆ ಮರಳುತ್ತದೆ. ಆಗ ಹೊಸ ಪ್ರತಿಯನ್ನು ತರಿಸಿ, ಎರಡನ್ನೂ ಮನುಷ್ಯನ ಕಣ್ಣೆದುರು ಇಡಬೇಕು. ಯಾವುದು ಸರಿಯೆಂದು ಯಂತ್ರ ತಾನಾಗಿ ತೀರ್ಮಾನಿಸಬಾರದು. ಇದರ ಜೊತೆಗೆ ಇಡೀ ನಮೂನೆಯ ಬದಲು, ಬದಲಾದ ಅಂಕಣವನ್ನಷ್ಟೇ ಕಳುಹಿಸುವುದು ಕ್ಷೇಮ.

ಹೊಸ ಕ್ರಮ

ಎರಡನೆಯ ಶಿಬಿರದ ಹೊತ್ತಿಗೆ ತಂತ್ರಾಂಶವನ್ನು ಮೊದಲಿನಿಂದ ಬರೆದೆ. ಪ್ರತಿ ನಮೂದೂ ಮೊದಲು ಮೇಜಿನ ಯಂತ್ರದಲ್ಲಿ, ‘ಎಸ್‌ಕ್ಯೂಲೈಟ್’ ಎಂಬ ಒಂದೇ ಕಡತದ ಪುಸ್ತಕದಲ್ಲಿ ಇಳಿಯುತ್ತದೆ. ಅನಂತರ ಸರದಿಯಂತೆ ಮೇಘಕ್ಕೆ ಹೋಗುತ್ತದೆ. ತೆರೆಯ ಮೇಲೆ ಪ್ರತಿ ಹೆಸರಿನ ಮುಂದೆ ಮೂರರಲ್ಲಿ ಒಂದು ಪದ ಕಾಣುತ್ತದೆ: ‘ಬರೆದಿದೆ’, ‘ಕಳುಹಿಸಿದೆ’, ‘ತಲುಪಿದೆ’. ರಸೀತಿ ಕೈಗೆ ಬಾರದೆ ಮೂರನೆಯ ಪದ ಮೂಡದು. ಮೊದಲಿನ ತಂತ್ರಾಂಶ ಗುಂಡಿ ಒತ್ತಿದೊಡನೆ ‘ಯಶಸ್ವಿ’ ಎಂದು ಘೋಷಿಸುತ್ತಿತ್ತು. ತನಗೆ ತಿಳಿಯದ್ದನ್ನು ತಿಳಿದಂತೆ ಹೇಳುವುದು ಮನುಷ್ಯನಲ್ಲಿ ದೋಷವಾದರೆ ಯಂತ್ರದಲ್ಲಿಯೂ ದೋಷವೇ.

ಗೋಪ್ಯತೆಯ ವಿಷಯವನ್ನೂ ಹೇಳಬೇಕು. ನೆರೆಮನೆಯವರ ರೋಗದ ವಿವರ ನಮ್ಮ ಕೈಯಲ್ಲಿರುತ್ತದೆ. ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ ನಮ್ಮ ಸಂಸತ್ತು 2023ರಲ್ಲಿ ಶಾಸನವನ್ನೇ ಮಾಡಿದೆ. ನಾನು ಮೊದಲು ಸರ್ವರಿನ ಗುಪ್ತಪದವನ್ನು ತಂತ್ರಾಂಶದೊಳಗೆ ಅಡಗಿಸಿದ್ದೆ. ಹಲವು ಮೇಜುಗಳಿಗೆ ಹಂಚಿದ ತಂತ್ರಾಂಶದಲ್ಲಿ ಅಡಗಿಸಿದ ಗುಪ್ತಪದ ಗುಪ್ತವಲ್ಲ. ಬಲ್ಲವರು ಅದನ್ನು ಬಿಚ್ಚಿ ಓದಬಲ್ಲರು. ಈಗ ಪ್ರತಿ ಸ್ವಯಂಸೇವಕರೂ ತಮ್ಮ ಸ್ವಂತ ಹೆಸರಿನಿಂದ ಪ್ರವೇಶಿಸಿ, ಕೆಲವು ಗಂಟೆಗಳಲ್ಲಿ ತಾನಾಗಿ ರದ್ದಾಗುವ ಪರವಾನಗಿಯನ್ನು ಪಡೆಯುತ್ತಾರೆ. ಶಿಬಿರ ಮುಗಿದು ಎಲ್ಲವೂ ‘ತಲುಪಿದೆ’ ಎಂದಾದ ಮೇಲೆ ಮೇಜಿನ ಪ್ರತಿಯನ್ನು ಅಳಿಸುತ್ತೇವೆ.

ಕನ್ನಡ ಬರಹಕ್ಕೆ ಸಂಬಂಧಿಸಿದ ಒಂದು ತೊಡಕೂ ಎದುರಾಯಿತು. ‘ಗೋಪಾಲ’ ಎಂದು ಹುಡುಕಿದರೆ, ಕಣ್ಣಿಗೆ ಕಾಣುವ ಗೋಪಾಲ ಯಂತ್ರಕ್ಕೆ ಸಿಗಲಿಲ್ಲ. ಯೂನಿಕೋಡಿನಲ್ಲಿ ‘ಗೋ’ ಎಂಬುದರ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು. ಎತ್ವ, ಊಕಾರದ ಚಿಹ್ನೆ, ದೀರ್ಘದ ಗುರುತು ಎಂದು ಮೂರು ಸಂಕೇತಗಳಾಗಿಯೂ ಬರೆಯಬಹುದು. ನೋಟ ಒಂದೇ, ಒಳಗಿನ ಬರಹ ಬೇರೆ. ಎನ್.ಎಫ್.ಸಿ. ಎಂಬ ನಿಯಮದಂತೆ ಎಲ್ಲ ಹೆಸರುಗಳನ್ನೂ ಕಳುಹಿಸುವ ಮೊದಲೇ ಏಕರೂಪಕ್ಕೆ ತಂದ ಮೇಲೆ ಗೋಪಾಲರು ದೊರೆತರು.

ಎರಡನೆಯ ಶಿಬಿರದಂದು ಸಂಪರ್ಕ ಎರಡು ಬಾರಿ ಕಡಿಯಿತು. ಸರದಿಯಲ್ಲಿದ್ದವರಿಗೆ ಅದು ತಿಳಿಯಲೇ ಇಲ್ಲ. ಯಾರ ಹೆಸರೂ ಎರಡು ಬಾರಿ ಬರಲಿಲ್ಲ. ಒಮ್ಮೆ 412 ಬಂದಿತು. ಮೂರನೆಯ ಮೇಜಿನಲ್ಲಿ ಈ ಬಾರಿಯೂ ಅದೇ ಸ್ವಯಂಸೇವಕಿ ಕುಳಿತಿದ್ದಳು. ಎರಡು ಪ್ರತಿಗಳನ್ನೂ ಹೋಲಿಸಿ, ರೋಗಿಯನ್ನು ಕರೆದು ಕೇಳಿ, ಸರಿಯಾದುದನ್ನು ಉಳಿಸಿದಳು.

ಕಡೆಯದಾಗಿ ವಾಚಕ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಅಂದು ಆ ತಾಯಿಯನ್ನು ಉಳಿಸಿದ್ದು ನನ್ನ ತಂತ್ರಾಂಶವಲ್ಲ; ವೈದ್ಯರ ಪ್ರಶ್ನೆ ಮತ್ತು ಆಕೆಯ ಸ್ಮರಣೆ. ಪ್ರಜ್ಞೆ ತಪ್ಪಿದವರು ಉತ್ತರಿಸಲಾರರು. ಆದುದರಿಂದ ತಮ್ಮ ರಕ್ತದ ಗುಂಪು, ದಿನವೂ ಸೇವಿಸುವ ಔಷಧಿಗಳು, ಒಗ್ಗದ ಔಷಧಿಗಳು, ಮನೆಯವರ ದೂರವಾಣಿ ಸಂಖ್ಯೆ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪ್ರತಿಯೊಬ್ಬರೂ ಕಿಸೆಯಲ್ಲಿಯೋ ಕೈಚೀಲದಲ್ಲಿಯೋ ಇರಿಸಿಕೊಳ್ಳಬೇಕು. ಇಲ್ಲಿನ ವೈದ್ಯರೂ ಓದುವಂತೆ ಕನ್ನಡದ ಕೆಳಗೆ ಮರಾಠಿ ಅಥವಾ ಇಂಗ್ಲಿಷಿನಲ್ಲಿಯೂ ಬರೆಯಿರಿ. ಮೇಘದಲ್ಲಿ ಒಂದು ಪ್ರತಿ ಇರಲಿ, ಮೇಜಿನಲ್ಲಿ ಒಂದು ಇರಲಿ, ಕಿಸೆಯಲ್ಲಿಯೂ ಒಂದು ಇರಲಿ.