ಪೊಲೀಸರಿಲ್ಲದ ಕಾನೂನಿನ ಕಸುವು

ದಕ್ಷಿಣ ಕೊರಿಯಾದಲ್ಲಿ ಆರೋಗ್ಯವಂತ ಗಂಡಸರು ಕೆಲಕಾಲ ಸೇನೆಯಲ್ಲಿ ದುಡಿಯಲೇಬೇಕು. ಶಸ್ತ್ರ ಹಿಡಿಯುವುದು ತಮ್ಮ ನಂಬಿಕೆಗೆ ವಿರುದ್ಧ ಎನ್ನುವ 'ಯೆಹೋವನ ಸಾಕ್ಷಿಗಳು' ಪಂಗಡದ ತರುಣರು ಇದಕ್ಕೆ ಒಪ್ಪಲಿಲ್ಲ; ಪ್ರತಿಯಾಗಿ ಸಿಕ್ಕಿದ್ದು ಜೈಲು, ಈಚಿನ ದಶಕಗಳಲ್ಲಿ ಸಾಮಾನ್ಯವಾಗಿ ಒಂದೂವರೆ ವರ್ಷ. 1950ರ ದಶಕದಿಂದೀಚೆಗೆ ಹೀಗೆ ಸೆರೆಮನೆ ಕಂಡವರು ಸುಮಾರು 19,000. ಧಾರ್ಮಿಕ ಸ್ವಾತಂತ್ರ್ಯ ಕಾಯುವ ಅಂತರರಾಷ್ಟ್ರೀಯ ಕಾನೂನು ಕಾಗದದ ಹುಲಿ ಎಂದು ಮೂದಲಿಸುವವರು ಈ ಪ್ರಕರಣವನ್ನು ಕೊನೆಯವರೆಗೂ ಓದಬೇಕು. ಆ ಕಾನೂನು ಸರ್ಕಾರಗಳನ್ನು ಮಣಿಸುವುದು ಅಪರೂಪ. ಒಂದು ದೇಶದ ಒಳಗೇ ನ್ಯಾಯ ಕೇಳುವವರ ಕೈಗೆ, ಅಲ್ಲಿನ ನ್ಯಾಯಾಧೀಶರು ತಳ್ಳಿಹಾಕಲಾಗದ ವಾದವೊಂದನ್ನು ಕೊಡುವುದರಲ್ಲಿ ಅದರ ನಿಜವಾದ ಬಲವಿದೆ.

ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 18ನೇ ವಿಧಿ ಆತ್ಮಸಾಕ್ಷಿ ಮತ್ತು ಧರ್ಮದ ಸ್ವಾತಂತ್ರ್ಯದ ಬಗೆಗಿನದು. ಕೊರಿಯಾ 1990ರಲ್ಲಿ ಈ ಒಡಂಬಡಿಕೆಯನ್ನು ಒಪ್ಪಿತು. ತನ್ನ ಪ್ರಜೆಗಳು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ನೇರವಾಗಿ ದೂರು ಕೊಡಬಹುದೆಂಬ ಐಚ್ಛಿಕ ಒಪ್ಪಂದಕ್ಕೂ ಸೇರಿತು. (ಭಾರತ 1979ರಲ್ಲೇ ಮೂಲ ಒಡಂಬಡಿಕೆಗೆ ಸೇರಿದರೂ ಈ ಎರಡನೆಯ ಬಾಗಿಲನ್ನು ತೆರೆದಿಲ್ಲ.) ಶಿಕ್ಷೆಗೊಳಗಾದ ಇಬ್ಬರ ದೂರಿನಲ್ಲಿ ಸಮಿತಿ 2006ರಲ್ಲಿ ಕೊರಿಯಾ ತಪ್ಪು ಮಾಡಿದೆ ಎಂದಿತು. ಸರ್ಕಾರ ಕದಲಲಿಲ್ಲ. 2010ರಲ್ಲಿ 11 ಮಂದಿ, 2011ರಲ್ಲಿ 100, 2012ರಲ್ಲಿ 388 ಮಂದಿಯ ವಿಷಯದಲ್ಲಿ ಅದೇ ತೀರ್ಮಾನ ಮತ್ತೆ ಬಂತು. ಜೈಲಿಗೆ ಕಳಿಸುವುದು ನಿಲ್ಲಲಿಲ್ಲ, ನಿಜ. ಆದರೆ 2015ರ ನಂತರ ಕೊರಿಯಾದ ಕೆಳ ನ್ಯಾಯಾಲಯಗಳು ಒಂದರ ಹಿಂದೊಂದು ಇಂಥವರನ್ನು ಖುಲಾಸೆ ಮಾಡತೊಡಗಿದವು. 2004 ಮತ್ತು 2011ರಲ್ಲಿ ಶಿಕ್ಷೆಯನ್ನು ಎತ್ತಿಹಿಡಿದಿದ್ದ ಸಂವಿಧಾನ ನ್ಯಾಯಾಲಯವೇ 2018ರ ಜೂನ್‌ನಲ್ಲಿ, ಸೇನೆಯ ಬದಲು ಪರ್ಯಾಯ ಸೇವೆಗೆ ಅವಕಾಶವಿಲ್ಲದ ಕಾನೂನು ಸಂವಿಧಾನಕ್ಕೆ ಹೊಂದುವುದಿಲ್ಲ ಎಂದಿತು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ದಾರಿ ಬದಲಿಸಿತು.

ಜಿನೀವಾದಲ್ಲಿ ಕೂತ ಸಮಿತಿಯವರು ಯುದ್ಧದ ನೆರಳಿನಲ್ಲಿರುವ ದೇಶಕ್ಕೆ ಪಾಠ ಹೇಳಬಹುದೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಉತ್ತರ ಕೊರಿಯಾ ಅಲ್ಲೇ ಪಕ್ಕದಲ್ಲಿದೆ. ಆದರೆ ಒಡಂಬಡಿಕೆಯನ್ನು ಯಾರೂ ಕೊರಿಯಾದ ಮೇಲೆ ಹೇರಿರಲಿಲ್ಲ, ಕೊನೆಯ ತೀರ್ಪು ಕೊಟ್ಟವರೂ ಕೊರಿಯಾದ ನ್ಯಾಯಾಧೀಶರೇ. ಧಾರ್ಮಿಕ ಸ್ವಾತಂತ್ರ್ಯ ಪಾಶ್ಚಾತ್ಯರ ಸರಕು ಎಂಬ ಮಾತಿಗೂ ಚರಿತ್ರೆಯ ಬೆಂಬಲ ಕಡಿಮೆ. 1948ರ ಮಾನವ ಹಕ್ಕುಗಳ ಘೋಷಣೆಯಲ್ಲಿ ಧರ್ಮ ಬದಲಿಸುವ ಹಕ್ಕನ್ನು ಸೌದಿ ಅರೇಬಿಯಾ ವಿರೋಧಿಸಿದಾಗ ಅದರ ಪರ ನಿಂತವರಲ್ಲಿ ಪಾಕಿಸ್ತಾನದ ಜಫರುಲ್ಲಾ ಖಾನ್ ಒಬ್ಬರು. ಹಕ್ಕಿಗಾಗಿ ದುಡಿದವರಲ್ಲಿ ಲೆಬನಾನಿನ ಚಾರ್ಲ್ಸ್ ಮಲಿಕ್ ಇನ್ನೊಬ್ಬರು.

ಹೆಚ್ಚು ತೂಕದ ಆಕ್ಷೇಪ ಬೇರೆಯಿದೆ: ಕೋರ್ಟುಗಳೇ ಸ್ವತಂತ್ರವಾಗಿಲ್ಲದ ಕಡೆ ಏನು ಗತಿ? ರಷ್ಯಾ 2017ರಲ್ಲಿ ಇದೇ ಪಂಗಡವನ್ನು ಉಗ್ರವಾದಿಯೆಂದು ನಿಷೇಧಿಸಿತು. ಅದು ತಪ್ಪೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2022ರ ಜೂನ್‌ನಲ್ಲಿ ಹೇಳುವಷ್ಟರಲ್ಲಿ, ಉಕ್ರೇನ್ ದಾಳಿಯ ಕಾರಣ ರಷ್ಯಾ ಆ ನ್ಯಾಯಾಲಯ ಸೇರಿರುವ ಯುರೋಪ್ ಮಂಡಳಿಯಿಂದಲೇ ಹೊರಬಿದ್ದಿತ್ತು. ತೀರ್ಪು ಹೊರಬಂತು, ಬಂಧಿತರು ಒಳಗೇ ಉಳಿದರು. ನನ್ನ ವಾದದ ಎಲ್ಲೆ ಇದೇ. ಒಳಗೆ ಕೇಳುವ ಕಿವಿಯಿಲ್ಲದಿದ್ದರೆ ಹೊರಗಿನ ದನಿ ದಾಖಲೆಯಾಗಿ ಉಳಿಯುತ್ತದೆ, ಅಷ್ಟೇ.

ಕೊರಿಯಾದಲ್ಲೂ ಗೆಲುವು ಅರ್ಧದ್ದು. 2020ರಲ್ಲಿ ಜಾರಿಯಾದ ಪರ್ಯಾಯ ಸೇವೆಯ ಅವಧಿ 36 ತಿಂಗಳು, ಅದೂ ಜೈಲುಗಳ ಒಳಗಿನ ಕೆಲಸ, ಭೂಸೇನೆಯಲ್ಲಾದರೆ 18. ಇಮ್ಮಡಿ ಅವಧಿ ತಾರತಮ್ಯವೆಂದು ಸಮಿತಿ 1999ರಲ್ಲೇ ಫ್ರಾನ್ಸಿನ ಪ್ರಕರಣವೊಂದರಲ್ಲಿ ಹೇಳಿತ್ತು. 2024ರಲ್ಲಿ ಕೊರಿಯಾದ ಸಂವಿಧಾನ ನ್ಯಾಯಾಲಯ ಈ ವ್ಯವಸ್ಥೆಯನ್ನು ಎತ್ತಿಹಿಡಿಯಿತು, ಆದರೆ ಒಂಬತ್ತು ನ್ಯಾಯಾಧೀಶರಲ್ಲಿ ನಾಲ್ವರು ಒಪ್ಪಲಿಲ್ಲ.