ಮುಪ್ಪಿನ ಬಗ್ಗೆ ಸಂಶೋಧನೆ: ಮನೆಗೆ ಬಂದು ಏನೇನು ಕೇಳುತ್ತಾರೆ, ಯಾಕೆ ಕೇಳುತ್ತಾರೆ?



ತೋಟದ ಲೈನ್ ಮನೆಯಲ್ಲಿರುವ ಒಬ್ಬ ಅಜ್ಜಿಯನ್ನು ನೆನೆಯಿರಿ. ಮೊಣಕಾಲು ನೋವು. ಕೀಲು ಸವೆದಿದೆ ಅಂತಾರೆ ಮೂಳೆ ಡಾಕ್ಟರು. ಅದು ಸರಿಯೇ. ಆದರೆ ನಲವತ್ತು ವರ್ಷ ಇಳಿಜಾರಿನಲ್ಲಿ ಕಾಫಿ ಚೀಲ ಹೊತ್ತದ್ದು, ಮಗ ಬೆಂಗಳೂರು ಸೇರಿದ್ದು, ಪಿಂಚಣಿ ತರಲು ಬಸ್ಸಿಗೆ ಕಾಯಬೇಕಾದದ್ದು, ಜಡಿಮಳೆಯ ರಾತ್ರಿ ಕರೆಂಟಿಲ್ಲದೆ ಹೊರಗಿನ ಕಕ್ಕಸಿಗೆ ಹೋಗುವಾಗ ಜಾರಿ ಬಿದ್ದದ್ದು, ಇವು ಯಾವುದೂ ಎಕ್ಸ್‌ರೇಯಲ್ಲಿ ಕಾಣೋದಿಲ್ಲ. ಒಂದೇ ವಿದ್ಯೆ ಹಿಡಿದುಕೊಂಡು ಮುಪ್ಪನ್ನು ತಿಳಿಯಲು ಆಗುವುದಿಲ್ಲ. ಅದಕ್ಕೇ ವೈದ್ಯಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಪೌಷ್ಟಿಕ ಆಹಾರ, ಮನಶ್ಶಾಸ್ತ್ರ ಇವುಗಳನ್ನು ಜೋಡಿಸಿ ನೋಡಬಲ್ಲ ಕಿರಿಯ ಸಂಶೋಧಕರನ್ನು ತಯಾರು ಮಾಡುವ ಕೆಲಸ ನಮ್ಮ ದೇಶದಲ್ಲೂ ಹೊರಗೂ ನಡೆದಿದೆ.

ದೂರ ಹೋಗುವುದು ಬೇಡ. ಮೈಸೂರಿನ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ನಮ್ಮಲ್ಲಿ ಅನೇಕರಿಗೆ ಗೊತ್ತು. 1934ರಿಂದ 1966ರವರೆಗೆ ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ದಾಖಲೆಗಳು ಉಳಿದುಕೊಂಡಿದ್ದವು. ಬರೆದಿಟ್ಟ ನರ್ಸಮ್ಮಂದಿರಿಗೆ ಇದು ಮುಂದೆ ಇಷ್ಟು ಕೆಲಸಕ್ಕೆ ಬರುತ್ತದೆಂದು ಹೊಳೆದಿರಲಾರದು. 1990ರ ದಶಕದಲ್ಲಿ ಸಂಶೋಧಕರು ಮನೆಮನೆ ಸುತ್ತಿ, ಬೆಳೆದು ದೊಡ್ಡವರಾಗಿದ್ದ ಆ ಮಕ್ಕಳನ್ನು ಪತ್ತೆಮಾಡಿದರು. 2013ರಿಂದ 2016ರ ನಡುವೆ, 55ರಿಂದ 80 ವಯಸ್ಸಿನ 721 ಮಂದಿಯ ನೆನಪಿನ ಶಕ್ತಿ, ಮನಸ್ಸು, ಆರೋಗ್ಯವನ್ನು ಪರೀಕ್ಷಿಸಿದರು. ಇದನ್ನು ನಡೆಸಿದ ಮನೋವೈದ್ಯ ಡಾ. ಮುರಳಿ ಕೃಷ್ಣ ಅವರಿಗೆ ಆಗ ಇದ್ದದ್ದು, ವೆಲ್‌ಕಮ್ ಟ್ರಸ್ಟ್ ಮತ್ತು ಕೇಂದ್ರ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ ಕಿರಿಯ ಸಂಶೋಧಕರಿಗೆ ಕೊಡುವ ಫೆಲೋಶಿಪ್. ಮನಸ್ಸಿನ ಡಾಕ್ಟರಾದರೂ ಹಳೇ ಹೆರಿಗೆ ದಾಖಲೆ, ಸಕ್ಕರೆ ಕಾಯಿಲೆ, ಓದು, ಮನೆಯ ಸ್ಥಿತಿಗತಿ ಎಲ್ಲವನ್ನೂ ಲೆಕ್ಕಕ್ಕೆ ತಗೋಬೇಕಾಯ್ತು.

ಕಂಡದ್ದೇನು? ಹುಟ್ಟುವಾಗ ತೂಕ ಹೆಚ್ಚಿದ್ದವರು ನೆನಪು ಮತ್ತು ಯೋಚನೆಯ ಪರೀಕ್ಷೆಗಳಲ್ಲಿ ಸರಾಸರಿ ಸ್ವಲ್ಪ ಮೇಲಿದ್ದರು. ಓದಿನದು, ಬದುಕಿನ ಸ್ಥಿತಿಯದು ಕೂಡ ಪಾಲಿತ್ತು. ಕಡಿಮೆ ತೂಕದ ಮಗುವಿಗೆ ಮುಂದೆ ಮರೆವು ಖಚಿತ ಅಂತ ಯಾರೂ ಹೆದರಬೇಕಾಗಿಲ್ಲ, ಇದು ಸರಾಸರಿಯ ಮಾತು. ಆದರೂ ಅಜ್ಜಿಯ ಮುಪ್ಪು ಅವಳ ತಾಯಿಯ ಬಸುರಿನಿಂದಲೇ ಶುರುವಾಗುತ್ತದೆ ಅನ್ನುವುದು ಸಣ್ಣ ವಿಷಯವಲ್ಲ.

ಇನ್ನೊಂದು ಕೆಲಸ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿದೆ. 45 ದಾಟಿದ 10,000 ಮಂದಿಯನ್ನು ವರ್ಷಗಟ್ಟಲೆ ಗಮನಿಸುವ ಗುರಿಯಿಂದ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಆರಂಭಿಸಿತು.

ಮೈಸೂರಿನಲ್ಲಿ ಬಳಸಿದ ಪರೀಕ್ಷೆಗೆ '10/66' ಅಂತ ಹೆಸರು. ಮರೆವಿನ ಕಾಯಿಲೆಯವರಲ್ಲಿ ನೂರಕ್ಕೆ 66 ಮಂದಿ ನಮ್ಮಂಥ ಬಡ ಮತ್ತು ಮಧ್ಯಮ ದೇಶಗಳಲ್ಲಿದ್ದರೂ ಸಂಶೋಧನೆಯಲ್ಲಿ ನೂರಕ್ಕೆ 10 ಪಾಲೂ ಇಲ್ಲಿ ನಡೆಯುತ್ತಿರಲಿಲ್ಲ, ಅದನ್ನು ನೆನಪಿಸುವ ಹೆಸರು. ಶಾಲೆಗೆ ಹೋಗದವರಿಗೂ ಹೊಂದುವಂತೆ ಇದನ್ನು ಮಾಡಿದ್ದಾರೆ. ಹತ್ತು ಪದ ಹೇಳಿ ಆಮೇಲೆ ನೆನಪಿಸಲು ಕೇಳುತ್ತಾರೆ, ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಬರುತ್ತದೆ ನೋಡುತ್ತಾರೆ. ಮುಖ್ಯವಾದ್ದು ಇನ್ನೊಂದಿದೆ: ಮನೆಯವರೊಬ್ಬರನ್ನು ಬೇರೆಯಾಗಿ ಕೂರಿಸಿ, ಇಟ್ಟ ವಸ್ತು ಮರೆಯುತ್ತಾರಾ, ಗೊತ್ತಿರುವ ದಾರಿ ತಪ್ಪುತ್ತಾರಾ, ಬಟ್ಟೆ ತಾವೇ ಹಾಕಿಕೊಳ್ಳುತ್ತಾರಾ ಎಂದು ವಿಚಾರಿಸುತ್ತಾರೆ. ನಮ್ಮ ಕಡೆ ಆ 'ಮನೆಯವರು' ಸಾಮಾನ್ಯವಾಗಿ ಸೊಸೆ ತಾನೇ? ಅತ್ತೆಯ ಮಾನ ಕಾಪಾಡಲು "ಏನೂ ಇಲ್ಲ, ಚೆನ್ನಾಗಿದ್ದಾರೆ" ಅಂದುಬಿಟ್ಟರೆ ಕಾಯಿಲೆ ಕಾಗದದಲ್ಲಿ ಬರೋದೇ ಇಲ್ಲ.

ಕೊಡಗಿಗೆ ಬರುವ ಕಿರಿಯರು ಇಲ್ಲಿಯೇ ಕಲಿಯಬೇಕಾದದ್ದೂ ಇದೆ. ಒಂದು, ವಯಸ್ಸು. ಎಷ್ಟೋ ಹಿರಿಯರ ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1 ಅಂತಲೇ ಇರುತ್ತದೆ. 1956ಕ್ಕೆ ಮೊದಲು ಕೊಡಗು ಬೇರೆ ರಾಜ್ಯವಾಗಿದ್ದಾಗ ನೀವು ಎಷ್ಟು ದೊಡ್ಡವರಿದ್ರಿ? 1984ರಲ್ಲಿ ಇಂದಿರಾ ಗಾಂಧಿ ತೀರಿಕೊಂಡಾಗ ದೊಡ್ಡ ಮಗುವಿಗೆ ಎಷ್ಟು ವಯಸ್ಸು? ಹೀಗೆ ಕೇಳಿದರೆ ಲೆಕ್ಕ ಹತ್ತಿರ ಬರುತ್ತದೆ. ಇನ್ನೊಂದು, ಭಾಷೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಯರವ ಮಾತಾಡುವ ಹಿರಿಯರನ್ನು ಕನ್ನಡದಲ್ಲೇ ಪ್ರಾಣಿಗಳ ಹೆಸರು ಹೇಳಿ ಅಂದರೆ ತಡವರಿಸುತ್ತಾರೆ. ಅದು ಮರೆವಲ್ಲ. ನೀವು ಪಕ್ಕದಲ್ಲಿದ್ದರೆ ಅದನ್ನು ಸಂಶೋಧಕರಿಗೆ ತಿಳಿಸಿ, ಆದರೆ ಉತ್ತರವನ್ನು ಮಾತ್ರ ನೀವು ಹೇಳಿಕೊಡಬೇಡಿ!

ಹಕ್ಕುಗಳನ್ನೂ ತಿಳಿದಿರಿ. ಮೊದಲು ಒಪ್ಪಿಗೆ ಪತ್ರವನ್ನು ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಬೇಕು. ಓದು ಬಾರದವರ ಹೆಬ್ಬೆಟ್ಟಿಗೆ ಸಾಕ್ಷಿ ಇರಬೇಕು. ಸಾಲದ ಪತ್ರದ ಹಾಗಲ್ಲ ಇದು: ಸಹಿ ಮಾಡಿದ ಮೇಲೂ ಬೇಡ ಅನಿಸಿದರೆ ನಡುವೆಯೇ ಬಿಡಬಹುದು, ಅದಕ್ಕಾಗಿ ಚಿಕಿತ್ಸೆಯಾಗಲಿ ಪಿಂಚಣಿಯಾಗಲಿ ನಿಲ್ಲುವುದಿಲ್ಲ. ರಕ್ತ ತೆಗೆದರೆ ಫಲಿತಾಂಶ ನಮಗೆ ತಿಳಿಸುತ್ತೀರಾ ಎಂದು ಕೇಳಿ. ಅವರು ಕೊಡುವ ಹಾಳೆಯಲ್ಲಿ ಸಂಸ್ಥೆಯ ಮತ್ತು ನೈತಿಕ ಸಮಿತಿಯ ಫೋನ್ ನಂಬರ್ ಇರಬೇಕು, ಆ ಹಾಳೆಯನ್ನು ಸಂಘದ ಪುಸ್ತಕದ ಜೊತೆ ಇಟ್ಟುಕೊಳ್ಳಿ. ಎಟಿಎಂ ಪಿನ್, ಓಟಿಪಿ ಕೇಳಿದರೆ ಅವರು ಸಂಶೋಧಕರಲ್ಲ, ಜಗುಲಿಯಿಂದಲೇ ಕಳುಹಿಸಿ.