ಹೊಸ ಚಿತ್ರಕಥೆ: ಮಕ್ಕಳ ತೀರ್ಪೇನು?

ಹೊಸ ಚಿತ್ರಕಥೆ ಮಾಲಿಕೆ ಬಂತೆಂದರೆ ಮಕ್ಕಳಲ್ಲಿ ಚರ್ಚೆ ಶುರು. ಚಿತ್ರ ಚೆನ್ನಾಗಿದೆಯೇ, ನಾಯಕ ಗಟ್ಟಿಗನೇ ಎಂದು ಅವರು ತೂಗಿ ನೋಡುತ್ತಾರೆ. ಪಾಠ ಬಿಟ್ಟು ಇದೇನೆಂದು ಹಿರಿಯರು ಗದರುತ್ತಾರೆ. ಗದರುವ ಮೊದಲು ಒಮ್ಮೆ ಆ ಚರ್ಚೆಗೆ ಕಿವಿಗೊಡಬಾರದೇಕೆ?

‘ಅಮರ ಚಿತ್ರಕಥೆ’ ಮೊದಲು ಬಂದದ್ದು ಕನ್ನಡದಲ್ಲೇ, 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ. ಆದರೆ ಮೊದಲ ಹತ್ತು ಪುಸ್ತಕಗಳು ಸಿಂಡರೆಲ್ಲಾಳಂಥ ಪರದೇಶದ ಕಥೆಗಳು. 1967ರಲ್ಲಿ ದಿಲ್ಲಿ ದೂರದರ್ಶನದ ಕ್ವಿಜ್‌ನಲ್ಲಿ ಗ್ರೀಕ್ ದೇವತೆಗಳನ್ನು ಬಲ್ಲ ಮಕ್ಕಳಿಗೆ ರಾಮನ ತಾಯಿಯ ಹೆಸರು ಹೊಳೆಯಲಿಲ್ಲ. ಅದನ್ನು ಕಂಡು ಕೊರಗಿದವರು ಕಾರ್ಕಳದ ಅನಂತ ಪೈ. 11ನೆಯ ಪುಸ್ತಕ ‘ಕೃಷ್ಣ’ ಆಯಿತು.

ರೋಣ, ನರಗುಂದ, ಗಜೇಂದ್ರಗಡದ ಮಕ್ಕಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ಇದರಲ್ಲಿ ನಮ್ಮೂರು ಎಲ್ಲಿದೆ?’ ಎಂದು ಕೇಳಬಹುದು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಬಾಬಾಸಾಹೇಬರ ನರಗುಂದ, 1787ರಲ್ಲಿ ಟಿಪ್ಪು-ಮರಾಠರ ಒಪ್ಪಂದ ಕಂಡ ಗಜೇಂದ್ರಗಡ, ದ್ರೋಣಾಚಾರ್ಯರೊಂದಿಗೆ ಜನ ಹೆಸರು ಜೋಡಿಸುವ ರೋಣ: ಒಂದೊಂದರಲ್ಲೂ ಒಂದು ಪುಸ್ತಕಕ್ಕಾಗುವಷ್ಟು ಸರಕಿದೆ. ಇಸವಿ, ಹೆಸರುಗಳನ್ನು ಅಪ್ಪ-ಅಮ್ಮ ಹುಡುಕಿಕೊಡಲಿ. ಪೆನ್ಸಿಲ್ ಹಿಡಿದವರು ನರಗುಂದದ ಗುಡ್ಡದಿಂದಲೇ ಶುರುಮಾಡಬಹುದು. ಕುದುರೆ ಬಿಡಿಸುವುದಕ್ಕಿಂತ ಗುಡ್ಡ ಬಿಡಿಸುವುದು ಸುಲಭ.